ಜಾಂಬಿಯಾದ ಹಳ್ಳಿಯಲ್ಲಿ ಶಾಲೆ ಕಟ್ಟಿಸುವ ಮುನ್ನ

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಜಾಂಬಿಯಾದ ಲುಸಾಕಾದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಕನ್ನಡದ ಗೆಳೆಯರೆಲ್ಲ ಸೇರಿ ಸುಮಾರು 25 ಲಕ್ಷ ರೂಪಾಯಿ ಒಟ್ಟು ಮಾಡಿದ್ದೇವೆ. ಈಸ್ಟರ್ನ್ ಪ್ರಾಂತ್ಯದ ಪೆಟೌಕೆ ಕಡೆಯ ಒಂದು ಹಳ್ಳಿಯನ್ನು ದತ್ತು ತೆಗೆದುಕೊಂಡು ಶಾಲಾ ಕಟ್ಟಡ, ಕಂಪ್ಯೂಟರ್ ಕೊಠಡಿ ಮತ್ತು ಒಂದು ಬೋರ್‌ವೆಲ್ ಮಾಡಿಸಿಕೊಡಬೇಕೆಂಬ ಆಸೆ. ಊರಿನ ಮುಖ್ಯಸ್ಥರು ಜಾಗ ಕೊಡಲು ಒಪ್ಪಿದ್ದಾರೆ. ಆಫ್ರಿಕಾದ ಹಳ್ಳಿಗಳಲ್ಲಿ ಇಂಥ ಕೆಲಸ ನಿಜವಾಗಿಯೂ ಫಲ ಕೊಟ್ಟಿದೆಯೇ? ಎಲ್ಲಿಂದ ಆರಂಭಿಸಬೇಕು? ಎಷ್ಟು ವರ್ಷ ಜೊತೆಗಿರಬೇಕು?

ಉತ್ತರ: ಫಲ ಕೊಟ್ಟಿದೆ, ಧೈರ್ಯವಾಗಿ ಮುಂದುವರಿಯಿರಿ. ಆದರೆ ಕಟ್ಟಡ, ಕಂಪ್ಯೂಟರ್, ಬೋರ್‌ವೆಲ್ ಎಂದು ನೀವು ಹಾಕಿಕೊಂಡಿರುವ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆಫ್ರಿಕಾದ ಹಳ್ಳಿಗಳ ಕೆಲಸವನ್ನು ಬಹುಕಾಲದಿಂದ ಗಮನಿಸುತ್ತ ಬಂದಿರುವ ನಾನು, ಯಾರೇ ಇಂಥ ಯೋಜನೆ ತಂದರೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನೀವು ಕೊಡುವ ವಸ್ತು ಕೆಟ್ಟಾಗ, ನೀವು ನಿಲ್ಲಿಸಿದ ವ್ಯವಸ್ಥೆ ಮುಗ್ಗರಿಸಿದಾಗ, ಅದನ್ನು ಸರಿಪಡಿಸಬಲ್ಲವರು ಆ ಸೀಮೆಯಲ್ಲೇ ಇದ್ದಾರೆಯೇ? ಇದ್ದಾರೆ ಎನ್ನುವುದಾದರೆ ಕೆಲಸ ಎಷ್ಟೇ ಚಿಕ್ಕದಿರಲಿ, ಬಾಳುತ್ತದೆ. ಇಲ್ಲವಾದರೆ ನೀವು ಲುಸಾಕಾ ಬಿಟ್ಟ ಒಂದೆರಡು ವರ್ಷದಲ್ಲಿ ಅದಕ್ಕೆ ಬೀಗ ಬೀಳುತ್ತದೆ. ಮಕ್ಕಳು ಓದು ಬರಹ ಕಲಿಯುವುದು ಎಷ್ಟು ಮುಖ್ಯವೋ, ಊರಿನವರಿಗೆ ತಮ್ಮ ನೀರು, ನೆಲ, ಶಾಲೆಯನ್ನು ತಾವೇ ನಡೆಸಿಕೊಳ್ಳುವ ಬಲ ಬರುವುದೂ ಅಷ್ಟೇ ಮುಖ್ಯ. ಎರಡನ್ನೂ ಸೇರಿಸಿಯೇ ನಾನು ಶಿಕ್ಷಣ ಎನ್ನುತ್ತೇನೆ.

ಮೊದಲು ಕಟ್ಟಡದ ಮಾತು, ಏಕೆಂದರೆ ನಿಮ್ಮ ಹಣದ ಬಹುಪಾಲು ಅಲ್ಲಿಗೇ ಹೋಗಿಬಿಡುತ್ತದೆ. ಜಾಂಬಿಯಾದ ಸರ್ಕಾರಿ ಶಾಲೆಗಳಲ್ಲಿ 2002ರಿಂದ ಏಳನೆಯ ತರಗತಿಯವರೆಗೆ, 2022ರಿಂದ ಪ್ರೌಢಶಾಲೆ ಮುಗಿಯುವವರೆಗೆ ಶುಲ್ಕವಿಲ್ಲ. ಶುಲ್ಕ ತೆಗೆದ ಕೂಡಲೇ ಮಕ್ಕಳ ಸಂಖ್ಯೆ ಏರಿತು, ಕೊಠಡಿಗಳು ತುಂಬಿ ತುಳುಕಿದವು. ಪಕ್ಕದ ಮಲಾವಿಯಲ್ಲಿ 1994ರಲ್ಲಿ ಪ್ರಾಥಮಿಕ ಶಿಕ್ಷಣದ ಶುಲ್ಕ ರದ್ದಾದಾಗಲೂ ಇದೇ ಆಗಿತ್ತು. ಅಲ್ಲಿ ಒಂದೇ ವರ್ಷದಲ್ಲಿ ದಾಖಲಾತಿ ಸುಮಾರು 19 ಲಕ್ಷದಿಂದ 30 ಲಕ್ಷದ ಆಸುಪಾಸಿಗೆ ಹೋಯಿತು. ಆದ್ದರಿಂದ ಕೊಠಡಿ ಬೇಕು ಎನ್ನುವುದು ಸುಳ್ಳಲ್ಲ. ಆದರೆ ಕೊಠಡಿಗೆ ಹಣದ ಬೇರೆ ದಾರಿಯೂ ಇದೆ. ಜಾಂಬಿಯಾ ಸರ್ಕಾರ ಪ್ರತಿ ಸಂಸತ್ ಕ್ಷೇತ್ರದ ಅಭಿವೃದ್ಧಿ ನಿಧಿಯನ್ನು 2022ರಲ್ಲಿ 16 ಲಕ್ಷ ಕ್ವಾಚಾದಿಂದ (ಕ್ವಾಚಾ ಅಲ್ಲಿನ ನಾಣ್ಯ) 2 ಕೋಟಿ 57 ಲಕ್ಷ ಕ್ವಾಚಾಕ್ಕೆ ಏರಿಸಿತು. ತರಗತಿ ಕೊಠಡಿ, ಡೆಸ್ಕುಗಳಿಗೆ ಆ ಹಣ ಬಳಕೆಯಾಗುತ್ತಿದೆ. ಅರ್ಜಿ ಬರೆಯಲು, ವಾರ್ಡ್ ಸಮಿತಿಯ ಮುಂದೆ ಹೋಗಿ ಕೇಳಲು ಊರಿನವರಿಗೆ ಒತ್ತಾಸೆಯಾಗಿ ನಿಂತರೆ, ನಿಮ್ಮ ಕೈಯಿಂದ ಬರುವುದಕ್ಕಿಂತ ದೊಡ್ಡ ಮೊತ್ತ ಅವರಿಗೆ ಹಕ್ಕಿನಿಂದ ಬರುತ್ತದೆ.

ಇನ್ನೊಂದು ಸಂಗತಿ. ಶಾಲೆಗೆ ಶಿಕ್ಷಕರನ್ನು ಕಳಿಸುವವರು ಊರಿನ ಮುಖ್ಯಸ್ಥರಲ್ಲ, ಜಿಲ್ಲಾ ಶಿಕ್ಷಣ ಮಂಡಳಿಯ ಕಾರ್ಯದರ್ಶಿ. ಅಲ್ಲಿ ಎಲ್ಲರೂ ಅವರನ್ನು ‘ಡೆಬ್ಸ್’ ಎಂದೇ ಕರೆಯುತ್ತಾರೆ. ಅವರ ಲಿಖಿತ ಒಪ್ಪಿಗೆಯಿಲ್ಲದೆ ಎದ್ದ ಕಟ್ಟಡಕ್ಕೆ ಶಿಕ್ಷಕರ ಹುದ್ದೆ ಸಿಗುವುದು ಖಾತ್ರಿಯಿಲ್ಲ. ಆಗ ಊರಿನ ಯಾರೋ ಅರೆಬರೆ ಓದಿದ ಹುಡುಗ ಸಂಬಳವಿಲ್ಲದೆ ಪಾಠ ಹೇಳುತ್ತಾನೆ, ನಾಲ್ಕು ತಿಂಗಳಿಗೆ ಬೇಸತ್ತು ಪಟ್ಟಣ ಸೇರುತ್ತಾನೆ. ಹುದ್ದೆ ಸಿಕ್ಕಿದರೂ ಶಿಕ್ಷಕಿ ಉಳಿಯುವುದು ಮನೆಯಿದ್ದರೆ ಮಾತ್ರ. ಹತ್ತಿರದ ಬಸ್ ನಿಲ್ದಾಣ ಮೈಲಿಗಟ್ಟಲೆ ದೂರವಿರುವಲ್ಲಿ ಗೋಡೆ ಬಿರುಕು ಬಿಟ್ಟ ಗುಡಿಸಲೊಂದನ್ನು ತೋರಿಸಿ ಇಲ್ಲೇ ಇರಿ ಎಂದರೆ ಯಾರು ಇದ್ದಾರು? ಇಟ್ಟಿಗೆಗೇ ಹಣ ಹಾಕುವುದಾದರೆ ತರಗತಿ ಕೊಠಡಿಗಿಂತ ಮೊದಲು ಶಿಕ್ಷಕರ ಮನೆ ಕಟ್ಟಿಸಿ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಈಗ ಕೊಠಡಿಯ ಒಳಗೆ ಏನು ನಡೆಯುತ್ತಿದೆ ಎಂಬುದಕ್ಕೆ ಬರೋಣ. ವಿಶ್ವಬ್ಯಾಂಕಿನ 2022ರ ಅಂದಾಜಿನಂತೆ, ಸಹಾರಾ ಮರುಭೂಮಿಗೆ ದಕ್ಷಿಣದ ಆಫ್ರಿಕಾದಲ್ಲಿ ಹತ್ತು ವರ್ಷದ ಹತ್ತು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂಬತ್ತು ಮಂದಿಗೆ ಒಂದು ಸರಳ ಪಾಠವನ್ನು ಓದಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ. ಇವರಲ್ಲಿ ಬಹುಪಾಲು ಮಕ್ಕಳು ಶಾಲೆಗೆ ಹೋಗುತ್ತಿರುವವರೇ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಅಂಕಿ ಇದು. ಮಗು ದಿನಕ್ಕೆ ಹತ್ತು ಕಿಲೋಮೀಟರ್ ನಡೆದು ಬಂದಿದೆ, ತಾಯಿ ಹೊಲದ ಕೆಲಸಕ್ಕೆ ಒಂದು ಕೈ ಕಡಿಮೆ ಮಾಡಿಕೊಂಡು ಕಳಿಸಿದ್ದಾಳೆ, ಐದು ವರ್ಷ ಕಳೆದಿದೆ, ಓದಲು ಬರುತ್ತಿಲ್ಲ.

ಕಾರಣ ಮಕ್ಕಳ ದಡ್ಡತನವೂ ಅಲ್ಲ, ಶಿಕ್ಷಕರ ಸೋಮಾರಿತನವೂ ಅಲ್ಲ. ಐದನೆಯ ತರಗತಿಯ ಶಿಕ್ಷಕರು ಐದನೆಯ ತರಗತಿಯ ಪುಸ್ತಕ ಮುಗಿಸಬೇಕು. ಎದುರಿಗಿರುವ ಅರವತ್ತು ಮಕ್ಕಳಲ್ಲಿ ಕೆಲವರಿಗೆ ಅಕ್ಷರ ಗೊತ್ತಿಲ್ಲ, ಕೆಲವರಿಗೆ ಪದ ಕೂಡಿಸಲು ಬರುತ್ತದೆ, ಬೆರಳೆಣಿಕೆಯವರು ಮಾತ್ರ ಪುಸ್ತಕದ ಜೊತೆ ಸಾಗುತ್ತಾರೆ. ಕೆನ್ಯಾದ ಪಶ್ಚಿಮದ ಬುಸಿಯಾ ಸೀಮೆಯಲ್ಲಿ 1990ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಮೈಕಲ್ ಕ್ರೆಮರ್ ಮತ್ತು ಸಂಗಡಿಗರು ಒಂದು ಪ್ರಯೋಗದಲ್ಲಿ ಶಾಲೆಗಳಿಗೆ ಸರ್ಕಾರದ ಅಧಿಕೃತ ಪಠ್ಯಪುಸ್ತಕಗಳನ್ನು ಕೊಡಿಸಿ ಫಲಿತಾಂಶ ಅಳೆದರು. ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದವರಿಗಷ್ಟೇ ಲಾಭವಾಯಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು. ಆ ಮಕ್ಕಳಲ್ಲಿ ಹಲವರಿಗೆ ಇಂಗ್ಲಿಷ್ ಮನೆಮಾತು, ಸ್ವಾಹಿಲಿಯ ಬಳಿಕದ ಮೂರನೆಯ ಭಾಷೆ.

ಇದಕ್ಕೆ ಸಿಕ್ಕಿರುವ ಉತ್ತರಗಳಲ್ಲಿ ನನಗೆ ಹೆಚ್ಚು ಭರವಸೆ ಕೊಟ್ಟಿರುವುದು ನಿಮ್ಮ ಈಸ್ಟರ್ನ್ ಪ್ರಾಂತ್ಯದಲ್ಲೇ ನಡೆದಿದೆ. ಅದರ ಬೇರು ನಮ್ಮ ದೇಶದಲ್ಲಿದೆ. ಮುಂಬೈನಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆ ಒಂದು ಸರಳ ವಿಧಾನವನ್ನು ರೂಪಿಸಿತು. ಮಗು ಯಾವ ತರಗತಿಯಲ್ಲಿದೆ ಎಂಬುದನ್ನು ದಿನದ ಕೆಲಹೊತ್ತು ಮರೆತು, ಅದಕ್ಕೆ ಎಷ್ಟು ಬರುತ್ತದೆಯೋ ಅಲ್ಲಿಂದ ಕಲಿಸುವುದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ಇದನ್ನು ವರ್ಷಗಟ್ಟಲೆ ಪರೀಕ್ಷೆಗೆ ಒಡ್ಡಿದರು. 2016ರಲ್ಲಿ ಜಾಂಬಿಯಾದ ಶಿಕ್ಷಣ ಸಚಿವಾಲಯ ಈಸ್ಟರ್ನ್ ಮತ್ತು ಸದರ್ನ್ ಪ್ರಾಂತ್ಯಗಳ 80 ಶಾಲೆಗಳಲ್ಲಿ ‘ಕ್ಯಾಚ್ ಅಪ್’ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿತು. ಬಳಿಕ ಅದು ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಹರಡಿತು. ನಲಿಕಲಿ ತರಗತಿಯನ್ನು ನೋಡಿರುವ ನಿಮ್ಮ ಗೆಳೆಯರು ಯಾರಾದರೂ ಇದ್ದರೆ ಅವರಿಗೆ ಇದು ಪರಿಚಿತ ಎನಿಸುತ್ತದೆ.

ಅದು ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೂರರಿಂದ ಐದನೆಯ ತರಗತಿಯ ಮಕ್ಕಳನ್ನು ಶಿಕ್ಷಕರು ಒಬ್ಬೊಬ್ಬರನ್ನಾಗಿ ಕರೆದು ಒಂದು ಹಾಳೆ ಮುಂದಿಡುತ್ತಾರೆ. ಅದರಲ್ಲಿ ಅಕ್ಷರಗಳು, ಪದಗಳು, ನಾಲ್ಕು ಸಾಲಿನ ಪಾಠ, ಒಂದು ಪುಟ್ಟ ಕಥೆ ಇರುತ್ತವೆ. ಐದು ನಿಮಿಷದಲ್ಲಿ ಮಗು ಎಲ್ಲಿ ತಡೆಯುತ್ತದೆ ಎಂದು ತಿಳಿದುಹೋಗುತ್ತದೆ. ದಿನಕ್ಕೆ ಗಂಟೆ, ಎರಡು ಗಂಟೆ ಮಕ್ಕಳು ತಮ್ಮ ತರಗತಿ ಬಿಟ್ಟು, ಒಂದೇ ಮಟ್ಟದವರ ಗುಂಪುಗಳಲ್ಲಿ ಕೂರುತ್ತಾರೆ. ಅಕ್ಷರದ ಗುಂಪು ನೆಲದ ಮೇಲೆ ವೃತ್ತವಾಗಿ ಕುಳಿತು ಬ, ಬೆ, ಬಿ, ಬೊ, ಬು ಎಂದು ಚಿನ್ಯಾಂಜಾ ಭಾಷೆಯ ಉಚ್ಚಾರಾಂಶಗಳ ಪಟ್ಟಿಯನ್ನು ಬೆರಳಿಟ್ಟು ಓದುತ್ತದೆ. ನಮ್ಮ ಕಾಗುಣಿತವೇ ಅದು. ಆ ಭಾಷೆಯ ಬರವಣಿಗೆ ಬಹುಮಟ್ಟಿಗೆ ಉಚ್ಚಾರದಂತೆಯೇ ಇರುವುದರಿಂದ ಪಟ್ಟಿ ಹಿಡಿತಕ್ಕೆ ಬಂದ ಮಗು ಬೇಗನೆ ಪದ ಓದಲು ತೊಡಗುತ್ತದೆ. ಸೀಮೆಸುಣ್ಣದಿಂದ ನೆಲದ ಮೇಲೇ ಬರೆಯುತ್ತಾರೆ. ಲೆಕ್ಕಕ್ಕೆ ಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟುತ್ತಾರೆ. ಇದಕ್ಕೆ ಹೊಸ ಕಟ್ಟಡ ಬೇಡ, ವಿದ್ಯುತ್ ಬೇಡ. ಬೇಕಾದದ್ದು ತರಬೇತಿ, ಒಂದಿಷ್ಟು ಮುದ್ರಿತ ಸಾಮಗ್ರಿ ಮತ್ತು ತಿಂಗಳಿಗೊಮ್ಮೆ ಬಂದು ಶಿಕ್ಷಕರ ಜೊತೆ ಕುಳಿತು ಮಾತನಾಡುವ ಒಬ್ಬ ಮಾರ್ಗದರ್ಶಿ. ನಿಮ್ಮ ಶಾಲೆಯಲ್ಲಿ ಇದು ಇದೆಯೇ, ಹಿಂದೆ ಇದ್ದು ನಿಂತುಹೋಗಿದೆಯೇ ಎಂದು ಡೆಬ್ಸ್ ಕಚೇರಿಯಲ್ಲಿ ವಿಚಾರಿಸಿ. ನಿಂತಿದ್ದರೆ ಅದನ್ನು ಮತ್ತೆ ಎಬ್ಬಿಸುವುದೇ ನಿಮ್ಮ ಮೊದಲ ಕೆಲಸವಾಗಲಿ.

ಒಂದು ಎಚ್ಚರಿಕೆ ಮಾತ್ರ. ಪೆಟೌಕೆ ಕಡೆ ಮನೆಮಾತು ಹೆಚ್ಚಾಗಿ ನ್ಸೆಂಗಾ, ಶಾಲೆಯ ಪ್ರಾದೇಶಿಕ ಭಾಷೆ ಚಿನ್ಯಾಂಜಾ. ಪುತ್ತೂರಿನ ಕನ್ನಡ ಶಾಲೆಗೆ ಬರುವ ತುಳು ಮನೆಯ ಮಗುವಿನ ಸ್ಥಿತಿ ಇದು. ಭಾಷೆಗಳು ನೆಂಟರು, ಆದರೆ ಮೊದಲ ವರ್ಷ ಶಿಕ್ಷಕರು ಮನೆಮಾತಿನಲ್ಲಿ ಮಾತನಾಡಿಸದಿದ್ದರೆ ಮಗು ಬಾಯಿ ಬಿಡುವುದಿಲ್ಲ. ನಿಮ್ಮಲ್ಲಿ ಮಂಗಳೂರು ಕಡೆಯವರಿದ್ದರೆ ಇದನ್ನು ವಿವರಿಸಬೇಕಾಗಿಲ್ಲ.

ಕಂಪ್ಯೂಟರ್ ಕೊಠಡಿ ಬೇಡ. ಗ್ರಾಮೀಣ ಜಾಂಬಿಯಾದ ಬಹುಪಾಲು ಮನೆ, ಶಾಲೆಗಳಿಗೆ ವಿದ್ಯುತ್ ಜಾಲ ತಲುಪಿಲ್ಲ. 2024ರ ಬರದಲ್ಲಿ, ದೇಶಕ್ಕೆ ಜಲವಿದ್ಯುತ್ ಕೊಡುವ ಕರೀಬಾ ಜಲಾಶಯ ಬತ್ತಿದಾಗ ಲುಸಾಕಾದಲ್ಲೇ ಎಷ್ಟು ಹೊತ್ತು ಕತ್ತಲಿತ್ತು ಎಂಬುದು ಅಲ್ಲೇ ಇರುವ ನಿಮಗೆ ಗೊತ್ತು. ದಕ್ಷಿಣ ಅಮೆರಿಕದ ಪೆರು ದೇಶದ 319 ಹಳ್ಳಿ ಶಾಲೆಗಳಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ ಯೋಜನೆಯ ಅಧ್ಯಯನವೂ ಭಾಷೆ, ಗಣಿತದ ಕಲಿಕೆಯಲ್ಲಿ ಏರಿಕೆ ಕಾಣಲಿಲ್ಲ. ಬೆಳಕು ಕೊಡಬೇಕೆಂದರೆ ಸೌರ ದೀಪ ಕೊಡಿ, ಅದನ್ನು ರಿಪೇರಿ ಮಾಡಬಲ್ಲ ಮಹಿಳೆಯರನ್ನೂ ತಯಾರು ಮಾಡಿ. ರಾಜಸ್ಥಾನದ ತಿಲೋನಿಯಾದ ಬೇರ್‌ಫೂಟ್ ಕಾಲೇಜು ಆಫ್ರಿಕಾದ ಹಲವು ದೇಶಗಳ ಓದು ಬಾರದ ಅಜ್ಜಿಯರಿಗೆ ಆರು ತಿಂಗಳಲ್ಲಿ ಬಣ್ಣದ ಗುರುತು, ಸನ್ನೆಗಳ ಮೂಲಕವೇ ಸೌರ ಸಾಧನ ಜೋಡಿಸುವುದನ್ನು ಕಲಿಸಿದೆ. ಹರೆಯದವರು ಕಸುಬು ಕಲಿತು ಪಟ್ಟಣಕ್ಕೆ ಹೋಗಿಬಿಡುತ್ತಾರೆ, ಅಜ್ಜಿಯರು ಊರಲ್ಲೇ ಉಳಿಯುತ್ತಾರೆ ಎಂಬುದು ಅವರನ್ನು ಆರಿಸಲು ಕಾರಣ. ಮನೆಮನೆಯಿಂದ, ಸೀಮೆಎಣ್ಣೆಗೆ ಖರ್ಚಾಗುತ್ತಿದ್ದಷ್ಟು ಹಣವನ್ನು ತಿಂಗಳಿಗೊಮ್ಮೆ ಸಂಗ್ರಹಿಸಿ ರಿಪೇರಿಗೂ ಆ ಅಜ್ಜಿಯ ಗೌರವಧನಕ್ಕೂ ಬಳಸುತ್ತಾರೆ.

ಬೋರ್‌ವೆಲ್ ವಿಷಯಕ್ಕೆ ಬಂದರೆ, ಇಲ್ಲಿ ನನಗೆ ಹೇಳುವುದು ಬಹಳವಿದೆ. ಜಾಂಬಿಯಾದಲ್ಲಿ ನೀವು ನೋಡುವ ಕೈಪಂಪುಗಳಲ್ಲಿ ಬಹುಪಾಲು ‘ಇಂಡಿಯಾ ಮಾರ್ಕ್ 2’. 1970ರ ದಶಕದಲ್ಲಿ ಸೊಲ್ಲಾಪುರದ ಪಂಪಿನ ಮಾದರಿಯನ್ನು ಆಧರಿಸಿ, ಯುನಿಸೆಫ್ ಮತ್ತು ಭಾರತದ ಎಂಜಿನಿಯರುಗಳು ಸೇರಿ ಬೆಳೆಸಿದ ಪಂಪು ಅದು. ನಮ್ಮ ಹಳ್ಳಿಗಳ ಶಾಲೆ, ಗುಡಿಗಳ ಮುಂದೆ ನಾವೆಲ್ಲ ಒತ್ತಿ ನೀರು ಕುಡಿದ ಪಂಪೂ ಅದೇ. ಗಟ್ಟಿ ಯಂತ್ರ, ಅನುಮಾನವಿಲ್ಲ. ಆದರೆ ಆಫ್ರಿಕಾದ ಹಳ್ಳಿಗಳಲ್ಲಿ ಮೂರರಲ್ಲಿ ಒಂದು ಕೈಪಂಪು ಯಾವುದೇ ಹೊತ್ತಿನಲ್ಲಿ ಕೆಟ್ಟು ನಿಂತಿರುತ್ತದೆ ಎಂದು ವರದಿಗಳು ಹೇಳುತ್ತ ಬಂದಿವೆ. ಪಂಪು ನಿಲ್ಲುವುದು ಹೆಚ್ಚಾಗಿ ದೊಡ್ಡ ಕಾರಣಕ್ಕಲ್ಲ. ಆಳದ ಸಿಲಿಂಡರಿನಲ್ಲಿರುವ ಒಂದು ವಾಷರ್ ಸವೆದಿರುತ್ತದೆ. ಅದನ್ನು ಬದಲಿಸಲು ಮಾರ್ಕ್ 2ರಲ್ಲಿ ಭಾರವಾದ ಕಬ್ಬಿಣದ ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲೆತ್ತಬೇಕು, ಅದಕ್ಕೆ ವಿಶೇಷ ಉಪಕರಣ ಮತ್ತು ನಾಲ್ಕಾರು ಆಳು ಬೇಕು. ಈ ತೊಡಕನ್ನು ಕಂಡೇ 1980ರ ದಶಕದಲ್ಲಿ ಮಲಾವಿ, ಕೆನ್ಯಾಗಳಲ್ಲಿ ‘ಆಫ್ರಿಡೆವ್’ ಪಂಪನ್ನು ರೂಪಿಸಿದರು. ಅದರಲ್ಲಿ ಪಿವಿಸಿ ಪೈಪನ್ನು ಅಲುಗಿಸದೆಯೇ ಒಳಗಿನ ಪಿಸ್ಟನ್ ಹೊರತೆಗೆಯಬಹುದು. ಹೆಚ್ಚಿನ ಕೆಲಸ ಒಂದು ಸ್ಪ್ಯಾನರಿನಲ್ಲಿ ಮುಗಿಯುತ್ತದೆ, ಊರಿನ ಇಬ್ಬರು ಮಹಿಳೆಯರು ಸಾಕು. ಆದರೆ ಬಹಳ ಆಳದ ನೀರಿಗೆ ಅದು ಹೊಂದುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ ನೀರಿನ ಹುಳಿತನ. ಜಾಂಬಿಯಾದ ಹಲವು ಕಡೆ ಅಂತರ್ಜಲ ಆಮ್ಲೀಯವಾಗಿದೆ. ಸತು ಲೇಪಿಸಿದ ಕಬ್ಬಿಣದ ಪೈಪನ್ನು ಅದು ಕೆಲವೇ ವರ್ಷಗಳಲ್ಲಿ ತಿಂದುಹಾಕುತ್ತದೆ. ಬೆಳಗ್ಗೆ ಮೊದಲು ಬರುವ ನೀರು ಕೆಂಪಗಿರುತ್ತದೆ, ಬಾಯಿಗೆ ಕಹಿ, ಬಟ್ಟೆಗೆ ಕಲೆ. ಮೆಕ್ಕೆಜೋಳದ ಹಿಟ್ಟು ತೊಳಸಿ ಮಾಡುವ ಅವರ ನಿತ್ಯದ ನ್ಶಿಮಾದ ಬಣ್ಣವೇ ಕೆಡುತ್ತದೆ. ಹೆಂಗಸರು ಪಂಪನ್ನು ಬಿಟ್ಟು ಮತ್ತೆ ಹಳ್ಳದ ಕಡೆ ನಡೆಯುತ್ತಾರೆ. ಹೊರಗಿನಿಂದ ಬಂದವರು ಇವರಿಗೆ ಶುದ್ಧ ನೀರಿನ ಅರಿವಿಲ್ಲ ಎಂದು ತೀರ್ಪು ಕೊಡುತ್ತಾರೆ. ಆ ಹೆಂಗಸರು ತಮ್ಮ ನಾಲಿಗೆಯಿಂದ ನೀರನ್ನು ಪರೀಕ್ಷಿಸಿ ಸರಿಯಾದ ತೀರ್ಮಾನಕ್ಕೇ ಬಂದಿರುತ್ತಾರೆ! ಆದ್ದರಿಂದ ಕೊರೆಯುವ ಮೊದಲು ಅಕ್ಕಪಕ್ಕದ ಬಾವಿಗಳ ನೀರಿನ ಪಿಎಚ್, ಅಂದರೆ ಹುಳಿತನದ ಅಳತೆ, ನೋಡಿಸಿ. ಅದು 6.5ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಪೈಪನ್ನು ಒಪ್ಪಬೇಡಿ, ಪಿವಿಸಿ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ.

ಹೊಸ ಬೋರ್‌ವೆಲ್ ಕೊರೆಯುವುದಕ್ಕಿಂತ ಮೊದಲು ಆ ಸುತ್ತಿನಲ್ಲಿ ಕೆಟ್ಟು ನಿಂತಿರುವ ಪಂಪುಗಳೆಷ್ಟು ಎಂದು ಎಣಿಸಿ. ಜಾಂಬಿಯಾದಲ್ಲಿ ‘ಏರಿಯಾ ಪಂಪ್ ಮೆಂಡರ್’ ಎಂಬ ತರಬೇತಿ ಪಡೆದ ಸ್ಥಳೀಯ ಮೆಕ್ಯಾನಿಕ್‌ಗಳ ವ್ಯವಸ್ಥೆಯಿದೆ, ಊರೂರಿನಲ್ಲಿ ನೀರಿನ ಸಮಿತಿಗಳಿವೆ. ಮೆಂಡರನಿಗೆ ಉಪಕರಣದ ಪೆಟ್ಟಿಗೆ, ಓಡಾಡಲು ಒಂದು ಸೈಕಲ್, ಹತ್ತಿರದ ಪೇಟೆಯಲ್ಲಿ ಬಿಡಿಭಾಗ ಇಡುವ ಅಂಗಡಿ ಇವಿಷ್ಟಕ್ಕೆ ನಿಮ್ಮ ಹಣ ಹೋದರೆ, ಒಂದು ಬೋರ್‌ವೆಲ್‌ನ ವೆಚ್ಚದಲ್ಲಿ ಹಲವು ಊರುಗಳಿಗೆ ನೀರು ಬರುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯವನ್ನು ನಾನು ಸೇರಿಸಲೇಬೇಕು. ಅದು ನೆಲ. ಈಸ್ಟರ್ನ್ ಪ್ರಾಂತ್ಯದ ಕುಟುಂಬ ಬದುಕುವುದು ಏಪ್ರಿಲ್ ನಂತರ ಕೊಯ್ಲಾಗುವ ಮೆಕ್ಕೆಜೋಳದ ಮೇಲೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಲವು ಮನೆಗಳ ಕಣಜ ಬರಿದಾಗಿರುತ್ತದೆ. ಜನವರಿಯಲ್ಲಿ ಶಾಲೆ ಆರಂಭ, ಅದೇ ಹೊತ್ತಿಗೆ ಹಸಿವಿನ ತಿಂಗಳುಗಳು. ಹಸಿದ ಮಗುವಿಗೆ ಯಾವ ವಿಧಾನದಿಂದ ಕಲಿಸಿದರೂ ತಲೆಗೆ ಹತ್ತುವುದಿಲ್ಲ. ಹೊಲದ ಇಳುವರಿ ಹೆಚ್ಚದೆ ಶಾಲೆಯ ಹಾಜರಿ ನಿಲ್ಲದು ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕಾಗಿ.

ಇಲ್ಲಿಯೂ ನಿಮಗೆ ಅದೃಷ್ಟವಿದೆ. ಲುವಾಂಗ್ವಾ ಕಣಿವೆಯಲ್ಲಿ ಕೊಮಾಕೊ ಎಂಬ ಸಂಸ್ಥೆ ಎರಡು ದಶಕಗಳಿಂದ ಕೆಲಸ ಮಾಡುತ್ತಿದೆ. ವನ್ಯಜೀವಿ ವಿಜ್ಞಾನಿ ಡೇಲ್ ಲೂಯಿಸ್ ಅದನ್ನು ಆರಂಭಿಸಿದರು. ಬೇಟೆ ತಡೆಯಲು ಕಾವಲುಗಾರರನ್ನು ಎಷ್ಟು ಹೆಚ್ಚಿಸಿದರೂ ಉರುಲು ಹಾಕುವುದು ನಿಲ್ಲಲಿಲ್ಲ, ಏಕೆಂದರೆ ಮನೆಯಲ್ಲಿ ಕಾಳಿರಲಿಲ್ಲ. ಅವರು ಬೇಟೆಗಾರರಿಂದ ಉರುಲು, ಬಂದೂಕು ಒಪ್ಪಿಸಿಕೊಂಡು ಬೇಸಾಯ ಕಲಿಸಿದರು. ಮಣ್ಣು ಕಾಪಾಡುವ ಪದ್ಧತಿ ಅನುಸರಿಸಿದ ರೈತರಿಂದ ನೆಲಗಡಲೆ, ಸೋಯಾ, ಜೇನನ್ನು ಹೆಚ್ಚಿನ ಬೆಲೆಗೆ ಕೊಂಡು, ಸಂಸ್ಕರಿಸಿ ‘ಇಟ್ಸ್ ವೈಲ್ಡ್’ ಹೆಸರಿನಲ್ಲಿ ಮಾರಿದರು. ಲುಸಾಕಾದ ಅಂಗಡಿಯಲ್ಲಿ ಆ ನೆಲಗಡಲೆ ಬೆಣ್ಣೆಯ ಡಬ್ಬಿಯನ್ನು ನೀವೂ ನೋಡಿರಬಹುದು. ಇಂದು ಎರಡು ಲಕ್ಷಕ್ಕೂ ಹೆಚ್ಚು ಸಣ್ಣ ರೈತರು ಅದರ ಜೊತೆಗಿದ್ದಾರೆ. ಅವರ ಹೊಲಗಳಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಬೆಳೆಯುವುದು ಗ್ಲಿರಿಸಿಡಿಯಾ, ನಮ್ಮಲ್ಲಿ ರೈತರು ಗೊಬ್ಬರದ ಗಿಡವೆಂದು ಬದುವಿನ ಮೇಲೆ ನೆಡುವ ಅದೇ ಗಿಡ. ವರ್ಷಕ್ಕೆ ಸವರಿ ಸೊಪ್ಪನ್ನು ಮಣ್ಣಿಗೆ ಸೇರಿಸಿದರೆ ಎರಡು ಮೂರು ವರ್ಷದಲ್ಲಿ ಕೊಂಡು ತರುವ ಯೂರಿಯಾದ ಹಂಗು ಕಡಿಮೆಯಾಗುತ್ತದೆ. ಸವರಿದ ಕಡ್ಡಿ ಒಲೆಗೆ ಆಗುತ್ತದೆ, ಕಾಡಿನ ಸೌದೆ ಉಳಿಯುತ್ತದೆ, ಸೌದೆಗೆ ಹೋಗುವ ಹೆಣ್ಣುಮಗುವಿನ ಬೆಳಗಿನ ಹೊತ್ತೂ ಉಳಿಯುತ್ತದೆ.

ಮುಸಂಗು ಎಂಬ ಇನ್ನೊಂದು ಮರ ಅಲ್ಲಿಯದೇ. ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಹಸಿರಾಗುವ ವಿಚಿತ್ರ ಗುಣ ಅದಕ್ಕಿದೆ. ಹೀಗಾಗಿ ಅದರ ಬುಡದಲ್ಲೇ ಬೆಳೆ ಹಾಕಬಹುದು, ನೆರಳು ಅಡ್ಡಬರುವುದಿಲ್ಲ. ಉದುರಿದ ಎಲೆ ಗೊಬ್ಬರ, ಕಾಯಿ ದನಕ್ಕೆ ಮೇವು. ಇದೇ ಮರವನ್ನು ಪಶ್ಚಿಮ ಆಫ್ರಿಕಾದ ನೈಜರ್ ದೇಶದಲ್ಲಿ ಗಾವೊ ಎನ್ನುತ್ತಾರೆ. ಅಲ್ಲಿನ ಕಥೆಯನ್ನು ನೀವು ತಿಳಿಯಲೇಬೇಕು. ಮರಾಡಿ ಪ್ರದೇಶದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿತಜ್ಞ ಸಸಿ ನೆಡಿಸುತ್ತಿದ್ದರು, ನೆಟ್ಟವು ಬಹುತೇಕ ಸತ್ತವು. 1983ರ ಸುಮಾರಿಗೆ ಅವರ ಕಣ್ಣಿಗೆ ಬಿದ್ದದ್ದು ಹೊಲದ ತುಂಬ ಇದ್ದ ಕುರುಚಲು. ಅವು ಪೊದೆಗಳಾಗಿರಲಿಲ್ಲ, ಕಡಿದ ಮರಗಳ ಜೀವಂತ ಬುಡಗಳ ಚಿಗುರು. ಪ್ರತಿ ಬುಡದಲ್ಲಿ ನಾಲ್ಕೈದು ಗಟ್ಟಿ ಚಿಗುರು ಉಳಿಸಿ ಉಳಿದವನ್ನು ಸವರಿದರೆ ಸಾಕು, ಬೇರು ಆಳದಲ್ಲಿರುವುದರಿಂದ ಮರ ಬೇಗನೆ ಏಳುತ್ತದೆ. ಆದರೆ ಹಳೆಯ ಕಾನೂನಿನಂತೆ ಹೊಲದ ಮರವೂ ಸರ್ಕಾರದ್ದಾಗಿತ್ತು, ರೈತನಿಗೆ ಅದನ್ನು ಕಾಯುವ ಆಸಕ್ತಿ ಎಲ್ಲಿಂದ ಬರಬೇಕು? ಅಧಿಕಾರಿಗಳು ಆ ನಿಯಮದ ಬಿಗಿ ಸಡಿಲಿಸಿದ ಮೇಲೆ, ರೈತನಿಂದ ರೈತನಿಗೆ ವಿದ್ಯೆ ಹರಡಿತು. ಎರಡು ದಶಕಗಳಲ್ಲಿ ದಕ್ಷಿಣ ನೈಜರ್‌ನ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಎದ್ದವು. ಉಪಗ್ರಹ ಚಿತ್ರಗಳಲ್ಲಿ ಅದು ಕಾಣುತ್ತದೆ. ಬಹುಪಾಲು ಯಾರೂ ಸಸಿ ಕೊಂಡು ತಂದದ್ದಲ್ಲ. ಜಾಂಬಿಯಾದಲ್ಲೂ ಹೊಸ ಸಸಿ ತರುವ ಮೊದಲು ಹೊಲದಲ್ಲಿ ಈಗಾಗಲೇ ಚಿಗುರುತ್ತಿರುವುದು ಏನೆಂದು ಹಿರಿಯ ರೈತರೊಡನೆ ನಡೆದು ನೋಡಿ.

ಹೆಣ್ಣುಮಕ್ಕಳ ಓದಿಗೆ ಒಂದು ಖರ್ಚು ಖಂಡಿತ ಮಾಡಿ. ಅದು ಸೈಕಲ್. ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರವಿದ್ದ ಜಾಂಬಿಯಾದ ಹಳ್ಳಿ ಹುಡುಗಿಯರಿಗೆ ಸೈಕಲ್ ಕೊಟ್ಟು ನಡೆಸಿದ ಅಧ್ಯಯನದಲ್ಲಿ ಅವರ ಗೈರುಹಾಜರಿ ಕಾಲುಭಾಗಕ್ಕಿಂತ ಹೆಚ್ಚು ಇಳಿಯಿತು, ಓಡಾಟದ ಸಮಯ ಮೂರನೆಯ ಒಂದರಷ್ಟು ತಗ್ಗಿತು, ದಾರಿಯಲ್ಲಿ ಎದುರಿಸುತ್ತಿದ್ದ ಕಿರುಕುಳವೂ ಕಡಿಮೆಯಾಯಿತು. ಈ ಕಲ್ಪನೆಗೆ ಬಿಹಾರದ ಸೈಕಲ್ ಯೋಜನೆಯ ಅನುಭವ ಹಿನ್ನೆಲೆಯಾಗಿತ್ತು. ಕರ್ನಾಟಕದಲ್ಲಿ ಎಂಟನೆಯ ತರಗತಿಗೆ ಸೈಕಲ್ ಪಡೆದವರು ನಿಮ್ಮಲ್ಲೇ ಇರಬಹುದು. ಅಲ್ಲಿ ಮರಳು, ಹೊಂಡಗಳ ದಾರಿ ತಾಳುವ ಗಟ್ಟಿ ಸೈಕಲ್ ಬೇಕು, ಶಾಲೆಗೊಬ್ಬ ತರಬೇತಾದ ಸೈಕಲ್ ರಿಪೇರಿಯವನು ಬೇಕು. ಬಸುರಾಗಿ ಶಾಲೆ ಬಿಟ್ಟ ಹುಡುಗಿ ಮರಳಿ ಬರಬಹುದು ಎಂಬ ನಿಯಮ ಜಾಂಬಿಯಾದಲ್ಲಿ 1997ರಿಂದಲೇ ಇದೆ, ಆದರೆ ಮನೆಯವರಿಗೆ ಅದು ತಿಳಿದಿರುವುದಿಲ್ಲ. ಅಂಥ ಮನೆಗೆ ಹೋಗಿ ಮಾತನಾಡಬಲ್ಲವರು ಅದೇ ಊರಿನ, ಓದಿ ಮುಂದೆ ಬಂದ ಯುವತಿಯರು. ಜಿಂಬಾಬ್ವೆಯಲ್ಲಿ 1993ರಲ್ಲಿ 32 ಹುಡುಗಿಯರಿಗೆ ನೆರವಾಗಿ ಆರಂಭವಾದ ಕ್ಯಾಮ್‌ಫೆಡ್ ಸಂಸ್ಥೆ ಇಂದು ತನ್ನ ಹಳೆಯ ವಿದ್ಯಾರ್ಥಿನಿಯರ ಕೈಯಲ್ಲೇ ನಡೆಯುತ್ತಿದೆ. ಆ ಮೊದಲ ಗುಂಪಿನಲ್ಲಿದ್ದ ಏಂಜಲಿನ್ ಮುರಿಮಿರ್ವಾ ಈಗ ಅದರ ಮುಖ್ಯಸ್ಥೆ. ಜಾಂಬಿಯಾದಲ್ಲೂ ಅದು ಕೆಲಸ ಮಾಡುತ್ತಿದೆ, ಸಂಪರ್ಕಿಸಿ.

ಇನ್ನು, ಒಂದೇ ಹಳ್ಳಿಯನ್ನು ದತ್ತು ತೆಗೆದುಕೊಳ್ಳುವ ಯೋಚನೆಯನ್ನು ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಇದಕ್ಕೆ ಸೆನೆಗಲ್‌ನಲ್ಲಿ ಒಳ್ಳೆಯ ಪಾಠವಿದೆ. ಅಲ್ಲಿ 1991ರಲ್ಲಿ ಆರಂಭವಾದ ತೋಸ್ತಾನ್ ಸಂಸ್ಥೆ ಊರಿನಲ್ಲೇ ವಾಸಿಸುವ, ಅದೇ ಭಾಷೆಯಾಡುವ ಕಾರ್ಯಕರ್ತರ ಮೂಲಕ ವಯಸ್ಕರಿಗೆ ಮೂರು ವರ್ಷದ ತರಗತಿ ನಡೆಸುತ್ತದೆ. ಮೊದಲ ತಿಂಗಳುಗಳು ಪೂರ್ತಿ ಚರ್ಚೆ: ಆರೋಗ್ಯ, ಹಕ್ಕು, ಸಭೆ ನಡೆಸುವ ಕ್ರಮ. ಅಕ್ಷರ, ಲೆಕ್ಕ ಆಮೇಲೆ. 1997ರ ಜುಲೈನಲ್ಲಿ ಮಾಲಿಕುಂಡಾ ಬಂಬಾರಾ ಗ್ರಾಮದ ಮಹಿಳೆಯರು ಹೆಣ್ಣುಮಕ್ಕಳ ಜನನಾಂಗ ಛೇದನದ ಪದ್ಧತಿಯನ್ನು ಕೈಬಿಡುವುದಾಗಿ ಬಹಿರಂಗವಾಗಿ ಸಾರಿದರು. ಬೇರೆ ಊರುಗಳಿಂದ ಕಟು ಮಾತುಗಳು ಕೇಳಿಬಂದವು. ಆಗ ಕೆರ್ ಸಿಂಬಾರಾ ಗ್ರಾಮದ ಇಮಾಮ್ ದೆಂಬಾ ಜಾವಾರಾ ಒಂದು ಮಾತು ಎತ್ತಿದರು. ನಮ್ಮ ಹೆಣ್ಣುಗಳು ಮದುವೆಯಾಗಿ ಹೋಗುವ ಊರುಗಳೆಲ್ಲ ಒಟ್ಟಿಗೆ ಒಪ್ಪದೆ ಒಂದು ಊರು ಬದಲಾಗಲಾರದು ಎಂಬುದು ಅದರ ತಿರುಳು. ಅವರು ಊರಿಂದ ಊರಿಗೆ ನಡೆದು ಬಂಧುಬಳಗದ ಜೊತೆ ಮಾತನಾಡಿದರು. 1998ರಲ್ಲಿ 13 ಹಳ್ಳಿಗಳು ಒಟ್ಟಾಗಿ ಘೋಷಣೆ ಮಾಡಿದವು. ಬಳಿಕ ಅದು ಸಾವಿರಾರು ಊರುಗಳಿಗೆ ಹರಡಿತು. ನಿಮ್ಮ ಪೆಟೌಕೆಯ ಹಳ್ಳಿಯೂ ನೆಂಟಸ್ತಿಕೆ, ಸಂತೆ, ಶಾಲೆಗಳಿಂದ ಅಕ್ಕಪಕ್ಕದ ಊರುಗಳಿಗೆ ಹೆಣೆದುಕೊಂಡಿದೆ. ಆ ಶಾಲೆಗೆ ಮಕ್ಕಳು ಯಾವ ಯಾವ ಊರುಗಳಿಂದ ಬರುತ್ತಾರೋ ಅಷ್ಟನ್ನೂ ನಿಮ್ಮ ಕೆಲಸದ ಎಲ್ಲೆಯಾಗಿ ಇಟ್ಟುಕೊಳ್ಳಿ. ಒಂದೇ ಊರಿಗೆ ಎಲ್ಲವೂ ಬಂದರೆ ಉಳಿದವರ ಮನಸ್ಸು ಕಹಿಯಾಗುತ್ತದೆ, ಆ ಕಹಿ ಮಕ್ಕಳ ನಡುವೆ ಬಂದು ನಿಲ್ಲುತ್ತದೆ.

ಹಣವನ್ನು ಹೀಗೆ ಹಂಚಿಕೊಳ್ಳಿ. ಮೊದಲ ವರ್ಷ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಮುಟ್ಟಬೇಡಿ. ಆ ವರ್ಷ ಮಕ್ಕಳ ಓದಿನ ಮಟ್ಟ ಪರೀಕ್ಷಿಸುವುದು, ಪಂಪುಗಳ ಎಣಿಕೆ, ಶಾಲೆಯ ಪೋಷಕರ ಸಮಿತಿ, ಡೆಬ್ಸ್ ಮತ್ತು ಮುಖ್ಯಸ್ಥರ ಜೊತೆ ಮಾತುಕತೆ ಇಷ್ಟೇ ಸಾಕು. ಹಸಿವಿನ ತಿಂಗಳಲ್ಲಿ ಒಮ್ಮೆ, ಕೊಯ್ಲಿನ ನಂತರ ಒಮ್ಮೆ ತಪ್ಪದೆ ಹೋಗಿ. ಎರಡು ಕಾಲದಲ್ಲೂ ನೋಡದೆ ಆ ಊರು ಅರ್ಥವಾಗುವುದಿಲ್ಲ. ಸಭೆಯಲ್ಲಿ ಗಂಡಸರ ಮುಂದೆ ಹೆಂಗಸರು ಬಾಯಿ ಬಿಡದಿದ್ದರೆ ಅವರ ಜೊತೆ ಬೇರೆಯಾಗಿ ಕುಳಿತುಕೊಳ್ಳಿ, ನಿಮ್ಮ ತಂಡದ ಮಹಿಳೆಯರೇ ಮುಂದಾಗಲಿ. ಮುಂದಿನ ವರ್ಷಗಳಲ್ಲಿ ಅರ್ಧದಷ್ಟು ಶಿಕ್ಷಕರ ತರಬೇತಿ, ಓದಿನ ಸಾಮಗ್ರಿ, ಒಂದು ಶಿಕ್ಷಕರ ಮನೆಗೆ ಹೋಗಲಿ. ಉಳಿದದ್ದರಲ್ಲಿ ಸೈಕಲ್, ಪಂಪ್ ರಿಪೇರಿ, ಹೊಲದ ಮರಗಳ ಕೆಲಸ. ಐದನೆಯ ಒಂದು ಭಾಗವನ್ನು ರಿಪೇರಿಗೆಂದೇ ಪೋಷಕರ ಸಮಿತಿಯ ಹೆಸರಿನ ಬ್ಯಾಂಕ್ ಖಾತೆಯಲ್ಲಿಡಿ. ಖರ್ಚಿನ ಲೆಕ್ಕವನ್ನು ಶಾಲೆಯ ಗೋಡೆಗೆ ಚಿನ್ಯಾಂಜಾದಲ್ಲಿ ಅಂಟಿಸುವ ಷರತ್ತು ಹಾಕಿ.

ಎಷ್ಟು ವರ್ಷ ಎಂದು ಕೇಳಿದ್ದೀರಿ. ಕಡಿಮೆಯೆಂದರೆ ಐದು. ಇಂದು ಮೂರನೆಯ ತರಗತಿಯಲ್ಲಿರುವ ಮಗು ಏಳನೆಯದನ್ನು ಮುಗಿಸಲು ಅಷ್ಟು ಹೊತ್ತು ಬೇಕು, ಗ್ಲಿರಿಸಿಡಿಯಾ ಹೊಲದಲ್ಲಿ ಫಲ ತೋರಿಸಿ ನೆರೆಯ ರೈತನನ್ನು ಒಪ್ಪಿಸಲೂ ಅಷ್ಟೇ ಬೇಕು. ನಿಮ್ಮಲ್ಲಿ ಎಷ್ಟೋ ಜನರ ಕೆಲಸದ ಪರವಾನಗಿ ಅದಕ್ಕಿಂತ ಮೊದಲೇ ಮುಗಿಯುತ್ತದೆ ಎಂದು ಬಲ್ಲೆ. ಆದ್ದರಿಂದ ಮೊದಲ ದಿನದಿಂದಲೇ ಪೆಟೌಕೆಯ ಒಬ್ಬ ಸ್ಥಳೀಯ ಸಂಯೋಜಕಿಯನ್ನು ನೇಮಿಸಿ ತಿಂಗಳ ಸಂಬಳ ಕೊಡಿ. ನ್ಸೆಂಗಾ ಬಲ್ಲ, ಶಿಕ್ಷಕಿಯಾಗಿದ್ದು ನಿವೃತ್ತರಾದವರು ಸಿಕ್ಕರೆ ತುಂಬ ಒಳ್ಳೆಯದು. ಡೆಬ್ಸ್ ಕಚೇರಿಯಿಂದ ಶಾಲೆಯ ಈಗಿನ ಸ್ಥಿತಿ ತಿಳಿದ ಮೇಲೆ, ಮಕ್ಕಳ ಓದಿನ ಮಟ್ಟದ ಪಟ್ಟಿಯೊಂದಿಗೆ ನನಗೆ ಮತ್ತೆ ಬರೆಯಿರಿ. ತರಬೇತಿಗೆ ಯಾರನ್ನು ಕರೆಸಬಹುದು ಎಂಬುದನ್ನು ಆಗ ಮಾತನಾಡೋಣ.